ತೋಳ ಹಾರಿದ ದಿಕ್ಕು

ತೋಳ ಇಕ್ಬಾಲನನ್ನು ದಾಟಿ ಉಮಾಶ್ರೀಯ ಮೇಲೆ ಬಿತ್ತು ಎಂದು ಗುರುಪಾದ ಹೇಳಿದಾಗ ಮೇಜಿನ ಸುತ್ತ ಮಾತು ನಿಂತಿತು.

ಅದು ಆಟ. ಭಾನುವಾರ ಮಧ್ಯಾಹ್ನ, ನವನಗರದಲ್ಲಿರುವ ಗುರುಪಾದನ ಮನೆಯ ಮಹಡಿಯಲ್ಲಿ ನಾಲ್ವರು ಗೆಳೆಯರು ದಾಳ ಉರುಳಿಸುತ್ತ ಮಾತಿನಲ್ಲೇ ಕಟ್ಟುವ ಸಾಹಸದ ಕಥೆ. ಅದರಲ್ಲಿ ಇಕ್ಬಾಲ ಕತ್ತಿ ಹಿಡಿದ ಯೋಧ, ಕಾವೇರಿ ಬಿಲ್ಲುಗಾತಿ, ಉಮಾಶ್ರೀ ಗಾಯ ಮಾಯಿಸುವ ಮುದುಕಿ. ಗುರುಪಾದ ಗೇಮ್ ಮಾಸ್ಟರ್. ಎದುರಾಗುವ ರಾಕ್ಷಸರು, ಮೃಗಗಳು ಯಾರ ಮೇಲೆ, ಹೇಗೆ ಬೀಳಬೇಕೆಂದು ನಿರ್ಧರಿಸುವವನು ಅವನೇ.

ಅದಕ್ಕೊಂದು ನಿಯಮವನ್ನೂ ಅವನೇ ಮಾಡಿದ್ದ. ಬುದ್ಧಿಯುಳ್ಳ ರಾಕ್ಷಸ ಮೊದಲು ಗಾಯ ಮಾಯಿಸುವವರನ್ನು ಹುಡುಕುತ್ತಾನೆ. ಹಸಿದ ಮೃಗಕ್ಕೆ ಅಷ್ಟು ಲೆಕ್ಕಾಚಾರ ತಿಳಿಯದು, ಹತ್ತಿರವಿದ್ದವರನ್ನು ಕಚ್ಚುತ್ತದೆ. ಅಂದಿನದು ಹಸಿದ ತೋಳ. ಅದರ ಎದುರಿಗೇ ಇಕ್ಬಾಲ ನಿಂತಿದ್ದ. ಉಮಾಶ್ರೀ ಎಲ್ಲರ ಹಿಂದೆ, ಬಂಡೆಯ ಮರೆಯಲ್ಲಿದ್ದಳು.

ದಾಳ ಬಿತ್ತು. ಮುದುಕಿ ಸತ್ತಳು.

ಆ ಮುದುಕಿಗೆ ಉಮಾಶ್ರೀ ಇಟ್ಟಿದ್ದ ಹೆಸರು ಚನ್ನಬಸವ್ವ. ಅಮ್ಮಿನಬಾವಿ ಎಂಬ ಹಳ್ಳಿಯಲ್ಲಿ ತನ್ನನ್ನು ಬೆಳೆಸಿ, ಹೋದ ವರ್ಷ ತೀರಿಕೊಂಡ ಅಜ್ಜಿಯ ಹೆಸರು. ಆಟದಲ್ಲಿ ಉಮಾಶ್ರೀ ಅಜ್ಜಿಯದೇ ದನಿಯಲ್ಲಿ ಎಲ್ಲರನ್ನೂ ಬೈಯುತ್ತ ಗಾಯಕ್ಕೆ ಅರಿಸಿನ ಹಚ್ಚುತ್ತಿದ್ದಳು. ಬೈದಾದ ಮೇಲೆ ಓರೆಗಣ್ಣಿನಲ್ಲಿ ಗುರುಪಾದನತ್ತ ನೋಡಿ, ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

ಆ ನೋಟಕ್ಕಾಗಿ ಅವನು ವಾರವಿಡೀ ಕಾಯುತ್ತಿದ್ದ. ತಂದೆಯ ಬೀಜದ ಅಂಗಡಿಯಲ್ಲಿ ಕೂತು ಅವಳಿಗೆ ಹಿಡಿಸುವಂಥ ಕಾಡು, ಗುಹೆಗಳನ್ನು ಕಲ್ಪಿಸುತ್ತಿದ್ದ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಅಂದು ಅವಳು ಬರುವ ಮುಂಚೆ, ಗದಗಿನಿಂದ ಗಂಡಿನ ಕಡೆಯವರು ಉಮಾಶ್ರೀಯನ್ನು ನೋಡಿ ಹೋದರಂತೆ ಎಂದು ಕಾವೇರಿ ಹೇಳಿದ್ದಳು. ಅವನ ಎದೆಯಲ್ಲಿ ಎದ್ದ ಉರಿ ಆಟ ಶುರುವಾದರೂ ಆರಿರಲಿಲ್ಲ.

ಉಮಾಶ್ರೀ ಜಗಳ ಮಾಡಲಿಲ್ಲ. ಕೋಚಿಂಗ್ ಕ್ಲಾಸಿನ ಪೇಪರ್ ತಿದ್ದುವುದಿದೆ ಎಂದು ಹೇಳಿ ಬ್ಯಾಗ್ ಎತ್ತಿಕೊಂಡು ಇಳಿದು ಹೋದಳು. ಆಟದಲ್ಲಿ ಇಂಥದ್ದೆಲ್ಲ ನಡೆಯುವುದೇ ಎಂದು ಇಕ್ಬಾಲ ಸಮಾಧಾನ ಹೇಳಿದ. ಗುರುಪಾದನಿಗೆ ಆ ಸಮಾಧಾನವೇ ಚುಚ್ಚಿತು. ಅದು ಅವಳ ಅಜ್ಜಿಯ ಹೆಸರೆಂದು ಗೊತ್ತಿದ್ದೂ ಮಾಡಿದ್ದ. ಚಪ್ಪಲಿ ಮೆಟ್ಟಿಕೊಂಡು ಓಡಿದ.

ಚಿಗರಿ ಸಿಟಿಬಸ್ಸಿನ ನಿಲ್ದಾಣದಲ್ಲಿ ಅವಳು ನಿಂತಿದ್ದಳು. ಧಾರವಾಡದ ಬಸ್ಸು ಬಂದು ಬಾಗಿಲು ತೆರೆಯಿತು. ಅವನನ್ನು ಕಂಡು ಅವಳು ಹತ್ತಲಿಲ್ಲ.

“ತಪ್ಪಾತ್ರಿ. ಅಜ್ಜಿನ್ನ ತಿರುಗಿ ತರ್ತೇನಿ. ಮುಂದಿನ ವಾರ ಕಥಿ ಬದಲು ಮಾಡ್ತೇನಿ.”

“ಬ್ಯಾಡ್ರಿ.” ಅವಳ ಕಣ್ಣುಗಳು ಕೆಂಪಾಗಿದ್ದವು. “ಆ ತ್ವಾಳಕ್ಕ ನನ್ನ ಮ್ಯಾಲೆ ಸಿಟ್ಟು ಇರಾಕ ಕಾರಣ ಇರಲಿಲ್ಲ. ನಿಮಗಿತ್ತೇನ್ರಿ?”

ಅವನು ತಲೆ ತಗ್ಗಿಸಿ ಎಲ್ಲ ಹೇಳಿದ. ಗದಗಿನವರ ಸುದ್ದಿ ಕೇಳಿದ್ದು, ಹೊಟ್ಟೆ ಉರಿದದ್ದು, ತೋಳವನ್ನು ಬೇಕೆಂದೇ ಅವಳತ್ತ ತಿರುಗಿಸಿದ್ದು. ತಾನು ಅವಳನ್ನು ಎಷ್ಟು ಇಷ್ಟಪಡುತ್ತೇನೆಂಬುದನ್ನೂ ಹೇಳಿದ. ಅದನ್ನು ಇಂಥ ಹೊತ್ತಿನಲ್ಲಿ ಹೇಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಉಮಾಶ್ರೀ ಹೆಗಲ ಬ್ಯಾಗನ್ನು ಕೆಳಗಿಟ್ಟಳು.

“ಅವರು ಬಂದದ್ದು ಖರೇ. ನಾ ಇನ್ನೂ ಏನೂ ಹೇಳಿಲ್ಲ. ನೀವು ಒಂದು ಮಾತು ಕೇಳ್ತೀರೇನೋ ಅಂತ ಕಾಯಾಕತ್ತಿದ್ದೆ. ಕೇಳೂದು ಬಿಟ್ಟು ತ್ವಾಳ ಬಿಟ್ರಿ.”

ಅವನು ತಲೆ ಎತ್ತಿದ. “ಈಗ ಕೇಳಿದರ ನಡೀತದೇನ್ರಿ?”

“ಕೇಳ್ರಿ. ಸಿಟ್ಟು ಬ್ಯಾರೆ, ಉತ್ತರ ಬ್ಯಾರೆ.”

“ನನ್ನ ಕೂಡ ಲಗ್ನ ಆಗ್ತೀರೇನ್ರಿ?”

ಅವಳ ತುಟಿಯಂಚಿನಲ್ಲಿ ನಗು ಬಂದಂತಾಗಿ ಹೋಯಿತು. ಹೂಂ ಎಂದಳು. ಮನೆಯಲ್ಲಿ ತಾನೇ ಮಾತಾಡುವೆ, ಆದರೆ ನಡೆದದ್ದನ್ನು ಇಕ್ಬಾಲ, ಕಾವೇರಿ ಇಬ್ಬರಿಗೂ ಅವನೇ ಈಗಲೇ ಹೇಳಬೇಕು ಎಂದಳು. ಅಜ್ಜಿ ಆಟಕ್ಕೆ ಮರಳುವುದು ಬೇಡವೆಂದಳು.

ಇಬ್ಬರೂ ವಾಪಸು ಬಂದಾಗ ಮಹಡಿಯಲ್ಲಿ ಇಕ್ಬಾಲ ಮತ್ತು ಕಾವೇರಿ ಚಹಾ ಕುಡಿಯುತ್ತಿದ್ದರು. ಗುರುಪಾದ ನಿಂತುಕೊಂಡೇ ಹೇಳಿದ. ಇಕ್ಬಾಲನ ಮುಖದ ನಗು ಆರಿತು. ಹಾಗಾದರೆ ತಾನು ಕತ್ತಿ ಹಿಡಿದು ಮುಂದೆ ನಿಂತದ್ದು ಯಾತಕ್ಕೆ ಎಂದು ಮೆಲ್ಲಗೆ ಕೇಳಿದ.

ಪಕ್ಕದಲ್ಲಿ ನಿಂತಿದ್ದ ಉಮಾಶ್ರೀ ಗುರುಪಾದನ ಕೈ ಹಿಡಿದಳು, ಉಗುರು ಒತ್ತುವಷ್ಟು ಬಿಗಿಯಾಗಿ. ನೋವಾಯಿತು. ಅವನು ಬಿಡಿಸಿಕೊಳ್ಳಲಿಲ್ಲ.