ಬಿಳಿ ಕೋಟಿನ ಹಾತೆಮ್

ತರಗತಿಯ ಗೋಡೆಯ ಮೇಲೆ ಮೂಡಿದ ವೀಡಿಯೊದಲ್ಲಿ ಹಾತೆಮ್ ನಗುತ್ತಿದ್ದ. ಬಿಳಿ ಕೋಟು, ಕೊರಳಲ್ಲಿ ಸ್ಟೆತಾಸ್ಕೋಪು. ಕಣ್ಣಂಚಿನಲ್ಲಿ, ಕಳೆದ ಚಳಿಗಾಲದಿಂದ ಓಲ್ಫಾ ಕದ್ದು ಕದ್ದು ನೋಡುತ್ತಿದ್ದ ಅದೇ ಸಣ್ಣ ಗೆರೆ.

"ಎಷ್ಟೋ ವರ್ಷದಿಂದ ರೋಗಿಗಳನ್ನ ನೋಡ್ತಿದೀನಿ," ಎನ್ನುತ್ತಿದ್ದ ಅವನು. "ನಮ್ಮಮ್ಮನಿಗೂ ಇದೇ ಪುಡಿ ಕೊಡ್ತೀನಿ. ಸಕ್ಕರೆ ಕಾಯಿಲೆ ಮಾತ್ರೆ ಮರೆತುಬಿಡಿ."

ಸ್ಫಾಕ್ಸ್ ಪಟ್ಟಣದ ಆ ಹೈಸ್ಕೂಲಿನಲ್ಲಿ ಓಲ್ಫಾ ಜಾಹೀರಾತನ್ನು ಬಿಡಿಸಿ ನೋಡುವುದು ಹೇಗೆಂದು ಕಲಿಸುತ್ತಿದ್ದಳು. ಮನೆಯಲ್ಲಿ ಕಂಡ ಜಾಹೀರಾತೊಂದನ್ನು ತನ್ನಿ ಎಂದಿದ್ದಕ್ಕೆ ಹುಡುಗಿಯೊಬ್ಬಳು ಇದನ್ನು ತಂದಿದ್ದಳು. ಅವಳು ಪ್ರೀತಿಸುವ ಹಾತೆಮ್ ನಾಟಕದ ನಟ. ರಾಜಧಾನಿ ಟ್ಯೂನಿಸ್‌ನಲ್ಲಿ ಒಂದೆರಡು ದಿನದ ಏನೋ ಚಿಕ್ಕ ಕೆಲಸ ಸಿಕ್ಕಿದೆ ಎಂದಷ್ಟೇ ಅವಳಿಗೆ ಹೇಳಿದ್ದ.

"ಇದರಲ್ಲಿ ನಿಮ್ಮನ್ನ ಹೇಗೆ ಒಲಿಸ್ತಿದಾರೆ, ಹೇಳಿ," ಎಂದಳು ಓಲ್ಫಾ.

"ಕೋಟು ಕಂಡ ಕೂಡ್ಲೇ ನಂಬಿಬಿಡ್ತೀವಿ, ಮೇಡಂ. ಅವನ ಹೆಸರೇನು, ಯಾವ ಆಸ್ಪತ್ರೆ, ಒಂದೂ ಹೇಳಿಲ್ಲ."

"ಅಮ್ಮ ಅಂದ್ಬಿಟ್ರೆ ಯಾರೂ ಪ್ರಶ್ನೆ ಕೇಳಲ್ಲ."

"ಆದ್ರೆ ನೋಡೋಕೆ ಚೆನ್ನಾಗಿದಾನೆ," ಎಂದಳು ಹಿಂದಿನ ಬೆಂಚಿನವಳು. ತರಗತಿ ನಕ್ಕಿತು.

"ಅದನ್ನೂ ಲೆಕ್ಕ ಹಾಕಿಯೇ ಆರಿಸಿರ್ತಾರೆ," ಎಂದು ಓಲ್ಫಾ ಬೋರ್ಡಿನ ಕಡೆ ತಿರುಗಿಕೊಂಡಳು.

ಮನೆಗೆ ಬಂದರೆ ಅಡುಗೆಮನೆಯ ಕಟ್ಟೆಯ ಮೇಲೆ ಅದೇ ಪುಡಿಯ ಹಳದಿ ಡಬ್ಬಿ. ಪಕ್ಕದಲ್ಲಿ ತಾಯಿ ಝೋಹ್ರಾಳ ಸಕ್ಕರೆ ಕಾಯಿಲೆಯ ಮಾತ್ರೆಯ ಪಟ್ಟಿ, ಒಂದೂ ತೆಗೆಯದೆ ಹಾಗೇ ಇತ್ತು.

"ಇದನ್ನ ಯಾಕಮ್ಮ ಬಿಟ್ಟೆ?"

"ಆ ಡಾಕ್ಟ್ರು ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ? ಹೊಟ್ಟೇಲಿ ಹುಟ್ಟಿದ ಮಗನ ಥರ." ಝೋಹ್ರಾ ಕಣ್ಣುಜ್ಜಿಕೊಂಡಳು. "ಕಣ್ಣು ಸ್ವಲ್ಪ ಮಂಜು, ಅಷ್ಟೇ."

ಓಲ್ಫಾ ಹಳದಿ ಡಬ್ಬಿಯನ್ನು ಕಟ್ಟೆಯಿಂದ ಎತ್ತಿಟ್ಟಳು. ಹಾತೆಮ್‌ಗೆ ಫೋನ್ ಮಾಡಿದಳು.

ಊರಿನ ಬಂದರಿನ ಹತ್ತಿರ ಅವನು ಅವಳಿಗೆಂದು ಮಲ್ಲಿಗೆಯ ಗೊಂಚಲು ಹಿಡಿದು ನಿಂತಿದ್ದ. ಅವಳು ಕೈಚಾಚಲಿಲ್ಲ.

"ಅದು ಪಾತ್ರ, ಓಲ್ಫಾ. ಬರೆದುಕೊಟ್ರು, ಹೇಳ್ದೆ."

"ಅದನ್ನ ನಂಬಿ ನಮ್ಮಮ್ಮ ಮಾತ್ರೆ ಬಿಟ್ಟಿದಾಳೆ."

ಅವನು ಗೊಂಚಲನ್ನು ಕೆಳಗಿಳಿಸಿದ.

"ನನ್ನ ಹತ್ರ ಪ್ರೀತಿ ಮಾತಾಡುವಾಗ್ಲೂ ಇದೇ ದನಿ ನಿಂದು. ಯಾವುದನ್ನ ನಂಬಲಿ, ಹೇಳು?"

"ನಿಮ್ಮಮ್ಮನ ಹತ್ರ ಕರ್ಕೊಂಡು ಹೋಗು," ಎಂದ.

ಬಾಗಿಲಲ್ಲಿ ಅವನನ್ನು ಕಂಡು ಝೋಹ್ರಾ ಅರಳಿಹೋದಳು. "ಡಾಕ್ಟ್ರು ನಮ್ಮನೆಗೆ ಬಂದ್ರಲ್ಲ. ಬನ್ನಿ, ಬನ್ನಿ."

"ನಾನು ಡಾಕ್ಟ್ರಲ್ಲಮ್ಮ. ನಾಟಕದವನು."

"ದೊಡ್ಡವರು ಹೀಗೇ, ಹೇಳ್ಕೊಳ್ಳಲ್ಲ."

ಓಲ್ಫಾ ಬಾಯಿ ತೆರೆಯುವಷ್ಟರಲ್ಲಿ ಹಾತೆಮ್ ಮೇಜಿನ ಮೇಲಿದ್ದ ಹರಿಸ್ಸಾ ಖಾರದ ಜಾಡಿ ಎತ್ತಿಕೊಂಡ. ಬೆನ್ನು ನೆಟ್ಟಗಾಯಿತು, ದನಿಗೆ ಜೇನಿನ ಪಾಕ ಇಳಿಯಿತು. "ಎಷ್ಟೋ ವರ್ಷದಿಂದ ರೋಗಿಗಳನ್ನ ನೋಡ್ತಿದೀನಿ. ಮಂಡಿನೋವಿಗೆ ಇದನ್ನ ಹಚ್ಚಿ. ನಮ್ಮಮ್ಮನಿಗೂ ನಾನು ಇದನ್ನೇ ಹಚ್ತೀನಿ."

ಝೋಹ್ರಾಳ ಕೈ ಜಾಡಿಯತ್ತ ಅರ್ಧ ಚಾಚಿತ್ತು. ಅಲ್ಲಿಯೇ ನಿಂತಿತು.

"ನಮ್ಮಮ್ಮ ತೀರಿಕೊಂಡು ಬಹಳ ವರ್ಷ ಆಯ್ತು," ಎಂದ ಹಾತೆಮ್, ಈಗ ತನ್ನದೇ ದನಿಯಲ್ಲಿ. ಆ ದನಿ ಒರಟಾಗಿತ್ತು.

ಝೋಹ್ರಾ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. "ಸತ್ತ ತಾಯಿ ಹೆಸರಲ್ಲಿ ಹೀಗೆ ಹೇಳೋಕೆ ಹೇಗಪ್ಪಾ ಮನಸ್ಸು ಬಂತು?" ಎಂದಳು. ಅವನು ತಲೆ ತಗ್ಗಿಸಿದ. ಅವಳು ಮಗಳತ್ತ ತಿರುಗಿ, "ನಮ್ಮ ಡಾಕ್ಟ್ರಿಗೆ ಫೋನ್ ಮಾಡು. ಮಾತ್ರೆ ಹೇಗೆ ಶುರು ಮಾಡ್ಬೇಕು ಕೇಳು," ಎಂದಳು.

ಫೋನ್ ಮುಗಿಸಿ ಓಲ್ಫಾ ಹೊರಗೆ ಬಂದಾಗ ಹಾತೆಮ್ ಮೆಟ್ಟಿಲ ಮೇಲೆ ಕೂತಿದ್ದ. ತನ್ನ ಫೋನ್ ಅವಳಿಗೆ ಕೊಟ್ಟು, "ವೀಡಿಯೊ ಮಾಡು," ಎಂದ. "ಇನ್ನು ಯಾರೂ ಜಾಹೀರಾತಿಗೆ ಕರೆಯಲ್ಲ, ಗೊತ್ತು. ಪರವಾಗಿಲ್ಲ."

ಅವನು ತನ್ನ ಹೆಸರು ಹೇಳಿದ, ತಾನು ನಟ ಎಂದ, ನಿಮ್ಮ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ ಎಂದ. ಎರಡು ಕಡೆ ತಡವರಿಸಿದ. ಮತ್ತೆ ತೆಗೆಯೋಣವೇ ಎಂದು ಅವಳು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿ, ಹಾಗೇ ಊರಿಗೆಲ್ಲ ಕಳಿಸಿಬಿಟ್ಟ.

"ನಿನ್ನ ಹತ್ರ... ನಾನು..." ಎಂದ.

ಓಲ್ಫಾ ಪಕ್ಕದಲ್ಲಿ ಕೂತಳು. "ಕೋಪ ಇನ್ನೂ ಇದೆ, ಹಾತೆಮ್. ಆದ್ರೆ ನೀನು ಎದ್ದು ಹೋದ್ರೆ ನನ್ನ ಕೈಲಿ ಸಹಿಸೋಕಾಗಲ್ಲ."

ಒಳಗಿಂದ ಝೋಹ್ರಾ ಕೂಗಿದಳು: "ಮೀನಿನ ಕುಸ್ಕುಸ್ ಆರ್ತಿದೆ. ಅವನಿಗೂ ತಟ್ಟೆ ಹಾಕಿದೀನಿ."