ಬಲದಿಂದ ಓದಿದ ತಾರೀಖು

ಉಮ್ಮ್ ತಹ್ಸೀನ್ ಮೂರು ಮಹಡಿ ಹತ್ತಿ ಬಂದು ನನ್ನ ಮೇಜಿನ ಮುಂದೆ ನಿಂತಾಗ ನನಗೆ ಯಾರ ಜೊತೆಗೂ ಮಾತಾಡುವ ಶಕ್ತಿ ಉಳಿದಿರಲಿಲ್ಲ. ಬೆಳಗ್ಗೆಯಿಂದ ಕೆಳಗಿನ ಕಣ್ಣಾಸ್ಪತ್ರೆಯ ಡಾಕ್ಟರ ಜೊತೆ ಅವರ ವೆಬ್‌ಸೈಟಿನ ಒಂದು ಗುಂಡಿಯ ಬಣ್ಣಕ್ಕಾಗಿ ಗುದ್ದಾಡಿದ್ದೆ. ಅವರಿಗೆ ಪುಟದ ತುಂಬೆಲ್ಲ ತಿಳಿ ಬೂದು ಬಣ್ಣ ಬೇಕಂತೆ, ಅದು ಗಂಭೀರವಾಗಿ ಕಾಣುತ್ತದಂತೆ. ಪೊರೆ ಬಂದ ಕಣ್ಣಿಗೆ ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಕಾಣುವುದಾದರೂ ಹೇಗೆ ಎಂದರೆ, "ಚೆನ್ನಾಗಿ ಕಾಣುತ್ತಲ್ಲಮ್ಮ" ಎನ್ನುತ್ತಾರೆ. ಅವರ ಕಣ್ಣು ಚೆನ್ನಾಗಿದೆ.

"ಕೆಳಗಿನ ಆಸ್ಪತ್ರೆಗೆ ವೆಬ್‌ಸೈಟ್ ಮಾಡಿಕೊಟ್ಟ ಪುಣ್ಯಾತ್ಮರು ಯಾರು?"

"ನಾನೇ ಅಮ್ಮಾ. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ," ಎನ್ನುತ್ತಲೇ ಕೂತರು. ಎಪ್ಪತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಚೀಲ, ಚೀಲದಲ್ಲಿ ಪುದೀನ. ಫೋನನ್ನು ನನ್ನ ಮೂಗಿನವರೆಗೆ ಹಿಡಿದರು. "ಇವತ್ತೇನು ತಾರೀಖು?"

"ಹಝೀರಾನ್ ಐದು."

"ಹಝೀರಾನ್ ಎಷ್ಟನೇ ತಿಂಗಳು?"

"ಆರನೇದು."

"ಐದು, ಆರು. ಸರಿಯಾಗೇ ಬಂದಿದ್ದೀನಿ ತಾನೇ? ಕೆಳಗೆ ಕೂತಿರೋ ಮಹಾರಾಣಿ ಹೇಳ್ತಾಳೆ, ನಿಮ್ಮ ಸರದಿ ಹೋದ ತಿಂಗಳು ಆರಕ್ಕೇ ಮುಗೀತು, ಇನ್ನು ಎರಡು ತಿಂಗಳು ಕಾಯಿರಿ ಅಂತ!"

ಪರದೆಯ ಮೇಲೆ ಎಡಕ್ಕೆ ಆರು, ನಡುವೆ ಒಂದು ಗೆರೆ, ಬಲಕ್ಕೆ ಐದು. ಪುಟದ ಅಂದ ಚಂದ ನನ್ನದು, ಒಳಗಿನ ಕೋಡ್ ನನ್ನ ಜೊತೆ ಕೆಲಸ ಮಾಡುವ ಸುಫ್ಯಾನ್‌ನದು. ಆದರೆ ಜನರ ಕೈಗೆ ಹೋಗುವ ಮೊದಲು ಪ್ರತಿ ಪುಟವನ್ನೂ ನೋಡಬೇಕಾದವಳು ನಾನು.

"ಸುಫ್ಯಾನ್, ಸ್ವಲ್ಪ ಬರ್ತೀರಾ?"

ಅವನು ಕಿಟಕಿಯ ಬಳಿಯ ಕುರ್ಚಿಯಿಂದ ಎದ್ದು ಬಂದ. ನಡೆಯುವಾಗ ಅಂಗಿಯ ತೋಳು ಮಡಿಸಿಕೊಳ್ಳುವುದು ಅವನ ಅಭ್ಯಾಸ. ನಾನು ಅದನ್ನು ನೋಡಬಾರದೆಂದು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ, ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದೇನೆ.

"ಇದು ಆರು, ಐದು. ಐದನೇ ತಿಂಗಳು, ಅಂದ್ರೆ ಅಯ್ಯಾರ್ ತಿಂಗಳ ಆರನೇ ತಾರೀಖು," ಎಂದ.

"ಯಾವ ಕಡೆಯಿಂದ ಓದ್ತೀಯಪ್ಪ?"

"ಎಡದಿಂದ. ಅಂಕಿ ಅಲ್ವಾ ಅಮ್ಮಾ."

"ಅರಬಿ ಸಾಲೆಲ್ಲ ಬಲದಿಂದ ಓದ್ಕೊಂಡು ಬಂದೋಳು, ಅಂಕಿ ಕಂಡ ತಕ್ಷಣ ಎಡಕ್ಕೆ ಹಾರಿ, ಅಲ್ಲಿಂದ ವಾಪಸ್ ಬರಬೇಕಾ? ನಂಗೆ ಮಂಡಿನೋವು ಬೇರೆ!"

ನನಗೆ ನಗು ತಡೆಯಲಾಗಲಿಲ್ಲ. ಸುಫ್ಯಾನ್‌ಗೂ. ನಗುತ್ತ ಒಬ್ಬರನ್ನೊಬ್ಬರು ನೋಡಿಬಿಟ್ಟೆವು. ಅವನ ಕಣ್ಣಂಚಿನಲ್ಲಿ ಮೊದಲಿಲ್ಲದ ಗೆರೆಗಳು ಬಂದಿದ್ದವು. ಯಾವಾಗ ಬಂದವೋ ನನಗೆ ಗೊತ್ತೇ ಆಗಿರಲಿಲ್ಲ. ಮರುಕ್ಷಣ ಅವನು ಕಣ್ಣು ತೆಗೆದು ಗೋಡೆಯ ಮೇಲೆ ನಾನು ಅಂಟಿಸಿದ್ದ ಹಾಳೆಯನ್ನು ಓದುವವನಂತೆ ನಿಂತ.

ಆ ಹಾಳೆಯಲ್ಲಿ ನನ್ನ ಕೆಲಸದ ನಿಯಮಗಳಿವೆ. ಓದುವವರು ಏನನ್ನೂ ಊಹಿಸುವಂತಾಗಬಾರದು. ಗುಂಡಿ ಏನು ಮಾಡುತ್ತದೋ ಅದನ್ನೇ ಅದರ ಮೇಲೆ ಬರೆ. ಕಾಯಿಸುವುದಾದರೆ ಯಾಕೆಂದು ಹೇಳು. ತಪ್ಪಾದರೆ ಓದುವವರನ್ನು ಬೈಯಬೇಡ. "ಇದು ವೆಬ್‌ಸೈಟಿಗೋ, ಮುಂದೆ ಬರೋ ಗಂಡನಿಗೋ?" ಎಂದು ಒಂದು ಕಾಲದಲ್ಲಿ ಅವನೇ ಕಾಡುತ್ತಿದ್ದ. ಆಗ ನಾನು ಅವನಿಗೆ 'ನೀನು'. ಈಗ 'ನೀವು', 'ಅರೀಜ್ ಮೇಡಂ'.

ಮುಂದೆ ಬರುವ ಗಂಡನೂ ಒಂದು ರೀತಿಯಲ್ಲಿ ಬಂದೇಬಿಟ್ಟಿದ್ದ. ಸಲ್ತ್ ಊರಿನ ಮೇಷ್ಟ್ರು, ಹೆಂಡತಿ ಇಲ್ಲ, ಮಾತು ಕಡಿಮೆ, ಒಳ್ಳೆಯ ಮನುಷ್ಯ. ನಾಳೆ ಗುರುವಾರ ಅವರ ಕಡೆಯ ಹಿರಿಯರು ಬರುತ್ತಾರೆ. ನಾನು ಒಪ್ಪಿದರೆ ಫಾತಿಹಾ ಓದಿ ಮಾತು ಗಟ್ಟಿ ಮಾಡುತ್ತಾರೆ. ಇವತ್ತು ಸಂಜೆಯೊಳಗೆ ಉತ್ತರ ಬೇಕೆಂದು ಚಿಕ್ಕಮ್ಮ ನವಾಲ್ ಮೂರು ಸಲ ಫೋನ್ ಮಾಡಿದ್ದಳು. ನಾನು ಒಪ್ಪಲಿದ್ದೆ. ಪ್ರೀತಿಯಿಂದಲ್ಲ, ಸುಸ್ತಿನಿಂದ. ಮೂವತ್ತೇಳಕ್ಕೆ ಮನುಷ್ಯರಿಗೆ ಒಂದು ಕಡೆ ಕೂತರೆ ಸಾಕು ಅನಿಸುತ್ತದೆ.

ಚಹಾ ತಂದಿಟ್ಟೆ. ಉಮ್ಮ್ ತಹ್ಸೀನ್ ತಮ್ಮ ಚೀಲದ ಪುದೀನವನ್ನೇ ಕಿತ್ತು ಅದಕ್ಕೆ ಹಾಕಿಕೊಂಡರು.

"ತಿಂಗಳ ಹೆಸರನ್ನ ಅಕ್ಷರದಲ್ಲಿ ಬರೀಬೇಕು," ಎಂದೆ ಸುಫ್ಯಾನ್‌ಗೆ. "ಐದು ಹಝೀರಾನ್. ಆರು ಅಯ್ಯಾರ್. ಆಗ ಯಾವ ಕಡೆಯಿಂದ ಓದಿದ್ರೂ ಒಂದೇ."

"ಆದ್ರೆ ಇಷ್ಟು ವರ್ಷ ಎಲ್ಲರೂ ಎಡದಿಂದಲೇ..."

"ಎಲ್ಲರೂ ಅಂದ್ರೆ ನೀವು. ಇಡೀ ದಿನ ಇಂಗ್ಲಿಷ್ ಕೋಡ್ ನೋಡೋರು. ಇವರು ಬಲದಿಂದ ಓದ್ತಾರೆ. ನಾನೂ ಬಲದಿಂದಲೇ ಓದ್ತೀನಿ."

ಆ ಮಾತು ನನ್ನ ಬಾಯಿಂದ ಹೊರಬಿತ್ತು, ನನ್ನ ಕಿವಿಗೂ ಬಿತ್ತು. ಆಮೇಲೆ ಕೈ ತಾನಾಗೇ ಫೋನಿನ ಕಡೆ ಹೋಯಿತು.

ಅಳಿಸದೆ ಇಟ್ಟುಕೊಂಡಿದ್ದ ಸುಫ್ಯಾನ್‌ನ ಒಂದು ಸಂದೇಶ ಅದರಲ್ಲಿತ್ತು, ನಾಲ್ಕು ವರ್ಷದ ಹಿಂದಿನದು. 'ಅರೀಜ್, 5 - 4, ಸಂಜೆ ಐದಕ್ಕೆ ನಮ್ಮ ಮಾಮೂಲಿ ಕಾಫಿ ಅಂಗಡಿಗೆ ಬಾ. ಒಂದು ಮಾತು ಕೇಳೋದಿದೆ.' ಆ ವರ್ಷ ನಾಲ್ಕನೇ ತಿಂಗಳು, ನಿಸಾನ್ ಪೂರ್ತಿ, ಅವನಿಗೆ ದೂರದ ಅಕಬಾದಲ್ಲಿ ಕೆಲಸವಿತ್ತು. ಅಯ್ಯಾರ್ ಮೂರಕ್ಕೆ ವಾಪಸ್ ಬರುವವನು. ಬಂದ ಮರುದಿನವೇ ಭೇಟಿ ಎಂದು ನಾನು ಓದಿಕೊಂಡೆ. ಬಲದಿಂದ. ನಾಲ್ಕು, ಐದು. ಅಯ್ಯಾರ್ ನಾಲ್ಕು.

"ಸುಫ್ಯಾನ್, ಆ ಅಯ್ಯಾರ್ ನಾಲ್ಕರ ಸಂಜೆ ನೀವು ಯಾಕೆ ಬರಲಿಲ್ಲ?"

"ಯಾವ ಅಯ್ಯಾರ್ ನಾಲ್ಕು?"

"ಕಾಫಿ ಅಂಗಡಿಗೆ. ಎರಡು ಗಂಟೆ ಕೂತಿದ್ದೆ. ನೀಲಿ ಅಂಗಿ ಇಸ್ತ್ರಿ ಮಾಡಿಸಿ ಹಾಕ್ಕೊಂಡು."

ಅವನ ಮುಖದ ಬಣ್ಣ ಇಳಿಯಿತು. "ನಾನು ಕರೆದದ್ದು ನಿಸಾನ್ ಐದಕ್ಕೆ. ಅಕಬಾದಿಂದ ನಾಲ್ಕು ಗಂಟೆ ಬಸ್ಸಲ್ಲಿ ಅದಕ್ಕೇ ಅಂತ ಬಂದಿದ್ದೆ. ಅಂಗಡಿ ಬಾಗಿಲು ಹಾಕೋವರೆಗೂ ಕಾದೆ. ನೀವು ಬರಲಿಲ್ಲ. ಸರಿ, ಅದೇ ಉತ್ತರ ಅಂದ್ಕೊಂಡೆ. ಆಮೇಲೆ ನಿಮಗೆ ತೊಂದರೆ ಕೊಡಬಾರದು ಅಂತ..."

ಮೊದಲು ಬಂದದ್ದು ಸಂತೋಷವಲ್ಲ. ಅಸಾಧ್ಯ ಸಿಟ್ಟು, ಅದರ ಹಿಂದೆ ಅಸಾಧ್ಯ ಆಯಾಸ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಕೂತು, ಒಂದೇ ಪಾತ್ರೆಯ ಚಹಾ ಕುಡಿದು, ಜಗತ್ತಿನವರಿಗೆಲ್ಲ ಅರ್ಥವಾಗುವ ಹಾಗೆ ಪುಟ ಬರೆದುಕೊಟ್ಟವರು ನಾವು.

"ಒಂದು ಸಲ ಬಾಯಿ ಬಿಟ್ಟು ಕೇಳೋಕೆ ಏನಾಗಿತ್ತು ನಿಮಗೆ?"

"ನಿನಗೇನಾಗಿತ್ತು?"

ನಿನಗೆ, ಎಂದ. ಎಷ್ಟು ವರ್ಷದ ಮೇಲೆ.

"ಆಮೇಲೆ?" ಎಂದರು ಉಮ್ಮ್ ತಹ್ಸೀನ್, ಲೋಟ ಹಿಡಿದುಕೊಂಡೇ. ಅವರಿದ್ದಾರೆನ್ನುವುದು ನಮ್ಮಿಬ್ಬರಿಗೂ ಮರೆತುಹೋಗಿತ್ತು.

"ಆಮೇಲೆ ಏನೂ ಇಲ್ಲ ಅಮ್ಮಾ. ನಾಳೆ ಇವರ ಮನೇಲಿ ಫಾತಿಹಾ. ಸಲ್ತ್‌ನವರ ಜೊತೆ," ಎಂದ ಸುಫ್ಯಾನ್. ಅವನಿಗೆ ಗೊತ್ತಿತ್ತು ಹಾಗಾದರೆ. ಇಡೀ ವಾರ ಗೊತ್ತಿದ್ದೂ ತೆಪ್ಪಗೆ ಕೋಡ್ ಬರೆಯುತ್ತಿದ್ದ.

"ನಾಳೆ ತಾನೇ? ಇವತ್ತಲ್ಲವಲ್ಲ? ಒಳ್ಳೆ ಗಂಡಸಪ್ಪ ನೀನು. ನನ್ನ ತಾರೀಖೂ ಕೆಡಿಸಿದೆ, ಈ ಹುಡುಗಿದೂ ಕೆಡಿಸಿದೆ. ಮೊದಲು ಎರಡನ್ನೂ ಸರಿಮಾಡು."

ಅವನು ತನ್ನ ಕುರ್ಚಿಗೆ ಹೋಗಿ ಕೂತ. ಕೀಲಿಮಣೆಯ ಸದ್ದು ಕೇಳಿಸಿತು. ನಾನು ಗೋಡೆಯ ಹಾಳೆ ನೋಡುತ್ತ ನಿಂತೆ. ಕಣ್ಣು ಮಂಜಾಗಿ ನಾನೇ ದಪ್ಪಗೆ ಬರೆದ ಒಂದು ಅಕ್ಷರವೂ ಕಾಣಲಿಲ್ಲ. ನನ್ನ ಫೋನ್ ಗುಂಯ್ ಎಂದಿತು.

'ಅರೀಜ್. ಇವತ್ತು, ಬುಧವಾರ, ಹಝೀರಾನ್ ತಿಂಗಳ ಐದನೇ ತಾರೀಖು, ಸಂಜೆ ಐದು ಗಂಟೆ, ಅದೇ ಕಾಫಿ ಅಂಗಡಿ. ಕೇಳಬೇಕಾದ ಮಾತು: ನನ್ನನ್ನ ಮದುವೆ ಆಗ್ತೀಯಾ? ಹಿಂದೆ ಕಾಯಿಸಿದ್ದಕ್ಕೆ ಕಾರಣ: ನಾನು ಹೆದರಿದ್ದೆ. ತಪ್ಪು ಓದಿದವಳದಲ್ಲ, ಬರೆದವನದು.'

ಊಹಿಸಬೇಕಾದ್ದು ಒಂದೂ ಇರಲಿಲ್ಲ. ಎರಡು ಸಲ ಓದಿದೆ, ಬಲದಿಂದಲೇ. ತಲೆಯೆತ್ತಿದರೆ ಅವನು ಪರದೆಯ ಅಂಚಿನಿಂದ ಇಣುಕಿ ನೋಡುತ್ತಿದ್ದ, ಪರೀಕ್ಷೆ ಬರೆದು ಕೂತವನ ಮುಖದಲ್ಲಿ. ನಾನು ನೋಡಿದ ಕೂಡಲೇ ತಲೆ ತಗ್ಗಿಸಿದ. ಕಿವಿ ಕೆಂಪಾಗಿದ್ದು ಮಾತ್ರ ಬಚ್ಚಿಡಲಾಗಲಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮನ ಫೋನ್ ಬಂತು. ಅದು ನಾಲ್ಕನೆಯ ಸಲ.

"ಏನು ಹೇಳ್ಲೇ ಅವರಿಗೆ? ಬನ್ನಿ ಅನ್ಲಾ?"

"ಬೇಡ ಚಿಕ್ಕಮ್ಮ. ಅವರ ಹತ್ರ ಕ್ಷಮೆ ಕೇಳು. ಒಳ್ಳೆಯವರು, ನಾಳೆಯವರೆಗೆ ಕಾಯಿಸಬೇಡ, ಈಗಲೇ ಹೇಳಿಬಿಡು."

"ಹುಚ್ಚು ಹಿಡೀತಾ? ಏನಾಯ್ತೇ ನಿಂಗೆ?"

"ಒಂದು ತಾರೀಖು ತಪ್ಪಾಗಿ ಓದ್ಕೊಂಡಿದ್ದೆ."

"ಯಾವ ತಾರೀಖು? ಅಯ್ಯೋ, ನೀನು ಯಾವತ್ತು ಮದುವೆ ಆಗೋದು ಮಾರಾಯ್ತಿ? ಯಾವತ್ತು ಉತ್ತರ ಕೊಡೋದು?"

ಸುಫ್ಯಾನ್‌ನ ಕೀಲಿಮಣೆಯ ಸದ್ದು ನಿಂತಿತ್ತು. ಉಮ್ಮ್ ತಹ್ಸೀನ್ ಲೋಟ ಕೆಳಗಿಟ್ಟಿದ್ದರು.

"ಇವತ್ತು," ಎಂದೆ, ಇಬ್ಬರಿಗೂ ಕೇಳಿಸುವ ಹಾಗೆ. "ಐದು ಗಂಟೆಗೆ."