ಮೂರನೇ ವಾರದ ಆನೆ

ನಾಲ್ಕನೇ ವಾರದ ಪಟ್ಟಿ ಬರೆಯುತ್ತಿದ್ದ ಮಲ್ಲಿಗಮ್ಮ ಶಿವಣ್ಣನ ಹೆಸರಿಗೆ ಬಂದಾಗ ಪೆನ್ಸಿಲು ನಿಲ್ಲಿಸಿದಳು. ಹೊರಗೆ ಛತ್ರದ ಅಂಗಳದಲ್ಲಿ ಯಾರೋ ಸುಣ್ಣದ ನೀರು ಚೆಲ್ಲುತ್ತಿದ್ದರು. ಆಮೇಲೆ ಅವನ ಹೆಸರಿನ ಮುಂದೆ ಮೂರು ಸೊನ್ನೆ ಸುತ್ತಿದಳು. ಮೂರು ದಿನ ಗೈರುಹಾಜರು. ಬಿಲ್ಲೆ ಇಲ್ಲ.

ಆ ಮೂರು ದಿನ ಅವನು ಎಲ್ಲಿದ್ದ ಅನ್ನುವುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಸುತ್ತಿದಳು.

ಆ ವರ್ಷ ಮಳವಳ್ಳಿಗೆ ಕಾಲರಾ ಬಂದದ್ದು ಯುದ್ಧದ ಬರಗಾಲದ ಜೊತೆಯಲ್ಲೇ. ರೇಷನ್ ಅಂಗಡಿ ಮುಂದೆ ನಿಂತಿದ್ದವರು ನಿಂತಲ್ಲೇ ಕುಸಿದರು. ಪೇಟೆ ಬೀದಿಯ ಛತ್ರವನ್ನೇ ಆಸ್ಪತ್ರೆ ಮಾಡಿ, ಗಂಡಸರಿಗೆ ಮುಂದಿನ ಹಜಾರ, ಹೆಂಗಸರಿಗೆ ಹಿಂದಿನ ಕೊಟ್ಟಿಗೆ ಎಂದು ಹಂಚಿದರು. ನೀರು ಕಾಯಿಸೋಕೆ, ಹೇಸಿಗೆ ಬಳಿಯೋಕೆ, ಹೆಣ ಸಾಗಿಸೋಕೆ ಸ್ವಯಂಸೇವಕರು ಬೇಕು ಎಂದು ತಮಟೆ ಹೊಡೆಸಿದಾಗ ಮೂವತ್ತು ಜನ ಬಂದರು. ನಾಲ್ಕನೇ ದಿನಕ್ಕೆ ಹದಿನಾಲ್ಕು ಜನ ಉಳಿದರು.

ಉಳಿದವರನ್ನು ಹಿಡಿದಿಡಲು ಸಮಿತಿಯ ಬೋರಯ್ಯ ಮೇಷ್ಟ್ರು ಒಂದು ಉಪಾಯ ಮಾಡಿದರು. ಒಂದು ದಿನವೂ ತಪ್ಪದೆ ಒಂದು ವಾರ ದುಡಿದವರಿಗೆ ಒಂದು ಹಿತ್ತಾಳೆ ಬಿಲ್ಲೆ. ಮೊದಲ ವಾರಕ್ಕೆ ದೀಪ, ಎರಡನೆಯದಕ್ಕೆ ಕೊಡ, ಮೂರನೆಯದಕ್ಕೆ ಆನೆ, ನಾಲ್ಕನೆಯದಕ್ಕೆ ತಾವರೆ. ನಾಲ್ಕನ್ನೂ ಕೂಡಿಸಿ ಮೇಜಿನ ಮೇಲೆ ಇಟ್ಟವರಿಗೆ ಅಮಲ್ದಾರರ ಕೈಯಿಂದ ಬೆಳ್ಳಿ ಪದಕ. ಇದನ್ನು ಕೇಳಿ ಜನ ನಕ್ಕರು. ಆದರೆ ಮೊದಲ ದೀಪ ಕೈಗೆ ಬಂದ ಮೇಲೆ ನಗು ನಿಂತಿತು. ದೊಡ್ಡ ದೊಡ್ಡ ಗಂಡಸರು ಹುಣಸೆಹಣ್ಣು ಹಾಕಿ ಬಿಲ್ಲೆ ಉಜ್ಜಿದರು. ನಿನ್ನ ಕೊಡದ ಕಂಠ ಚೆನ್ನಾಗಿದೆ, ನನ್ನದು ಸೊಟ್ಟ, ಬದಲಾಯಿಸಿಕೊಳ್ಳೋಣ ಎಂದು ಹೆಣದ ಚಟ್ಟದ ಪಕ್ಕದಲ್ಲೇ ವ್ಯವಹಾರ ಮಾಡಿದರು. ನಾಳೆ ಇರುತ್ತೇವೋ ಇಲ್ಲವೋ ತಿಳಿಯದ ಕಾಲದಲ್ಲಿ ಉಜ್ಜೋಕೆ ಒಂದು ವಸ್ತು ಬೇಕಾಗಿತ್ತೇನೋ.

ಹಾಜರಿ ಬರೆಯುವುದು, ಬಿಲ್ಲೆ ಹಂಚುವುದು ಮಲ್ಲಿಗಮ್ಮನ ಪಾಲಿಗೆ ಬಂತು. ಓದು ಬರಹ ಬಲ್ಲವಳು, ಗಂಡ ತೀರಿ ಮೂರು ವರ್ಷವಾದವಳು, ಯಾರ ಮೇಲೂ ಪಕ್ಷಪಾತವಿಲ್ಲದವಳು ಎಂದು ಮೇಷ್ಟ್ರೇ ಆರಿಸಿದರು. ಕೊನೆಯ ಮಾತೊಂದು ಮಾತ್ರ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ.

ಹೆಣ ಹೊತ್ತು ಬಂದವರು ಸಂಜೆ ನೇರಳೆ ಬಣ್ಣದ ಔಷಧಿ ನೀರಲ್ಲಿ ಕೈ ತೊಳೆಯಬೇಕು. ಚೊಂಬು ಮುಟ್ಟುವಂತಿಲ್ಲ, ಇನ್ನೊಬ್ಬರು ಮೇಲಿಂದ ಹುಯ್ಯಬೇಕು. ಹುಯ್ಯುವವಳು ಮಲ್ಲಿಗಮ್ಮ. ಶಿವಣ್ಣ ಯಾವಾಗಲೂ ಸಾಲಿನ ಕೊನೆಗೆ ನಿಲ್ಲುತ್ತಿದ್ದ. ಮೊದಲ ವಾರದಲ್ಲೇ ಒಡಹುಟ್ಟಿದ ತಮ್ಮನನ್ನು ತಾನೇ ಮಣ್ಣು ಮಾಡಿ ಬಂದು, ಅವತ್ತೂ ಸಾಲಿನ ಕೊನೆಗೇ ನಿಂತಿದ್ದ. ಮಾತಿಲ್ಲ. ಅವಳು ಹುಯ್ದಳು, ಅವನು ತೊಳೆದ. ನೀರು ಮುಗಿದರೂ ಅವನ ಬೊಗಸೆ ಹಾಗೇ ಇತ್ತು. ಅವಳು ಇನ್ನೊಂದು ಚೊಂಬು ತಂದು ಹುಯ್ದಳು. ಅದು ಬೇಕಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆಮೇಲಾಮೇಲೆ ಮಾತು ಬಂತು. ನಿನ್ನ ಬೆರಳೆಲ್ಲ ನೇರಳೆಹಣ್ಣು ತಿಂದಂಗೆ ಆಗೈತೆ ಅಂದಳು ಅವಳು. ತಿಂದಿಲ್ಲ, ಬರೀ ನೋಡ್ತಾ ಇವ್ನಿ ಅಂದ ಅವನು, ಬೆರಳನ್ನು ನೋಡದೆ. ಅವಳು ಚೊಂಬನ್ನು ಒಂದು ಗೇಣು ಎತ್ತರಕ್ಕೆ ಹಿಡಿದು ಅವನ ಪಂಚೆಯೆಲ್ಲ ನೆನೆಸಿದಳು. ಅವನು ಅಲ್ಲಾಡದೆ ನೆಂದ.

ಅವತ್ತಿನಿಂದ ಅವಳಿಗೆ ಊರ ಬಾಯಿಯ ಹೆದರಿಕೆ ಶುರುವಾಯಿತು. ಮೂರನೇ ವಾರದ ಆನೆ ಬಿಲ್ಲೆಗಳು ಮದ್ದೂರಿನಿಂದ ಬಂದಾಗ ಅದರಲ್ಲೊಂದಕ್ಕೆ ಅಚ್ಚು ಸರಿಯಾಗಿ ಬೀಳದೆ ಸೊಂಡಿಲೇ ಇರಲಿಲ್ಲ. ಅದು ಯಾರಿಗೂ ಬೇಡ. ಚೀಟಿ ಎತ್ತಿಸಿದ್ದರೆ ಮುಗಿದುಹೋಗುತ್ತಿತ್ತು. ಎತ್ತಿಸಲಿಲ್ಲ. ಒಳ್ಳೆಯದನ್ನು ಅವನಿಗೆ ಕೊಟ್ಟಳು ಎಂಬ ಮಾತು ಬರಬಾರದೆಂದು ಅವಳೇ ಆರಿಸಿ ಸೊಂಡಿಲಿಲ್ಲದ್ದನ್ನು ಅವನ ಕೈಗೆ ಹಾಕಿದಳು.

"ಇದು ನ್ಯಾಯವಾ?" ಅಂದ ಅವನು, ಬಿಲ್ಲೆ ತಿರುಗಿಸುತ್ತಾ.

"ನ್ಯಾಯವೇ."

"ಆಗ್ಲಿ ಬುಡು. ನಿನ್ ಕೈಲಿ ಬಂದದ್ದು."

ಅವಳ ಜೊತೆ ಹೆಂಗಸರ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ಅತ್ತೆ ಪಟ್ಟಲಮ್ಮ, ಸತ್ತ ಗಂಡನ ತಾಯಿ, ಒಳಗಿಂದ ಎಲ್ಲವನ್ನೂ ನೋಡುತ್ತಿದ್ದಳು. ಸೊಸೆ ಹತ್ತಿರ ಬಂದಾಗ ಇಷ್ಟೇ ಅಂದಳು: ಇಷ್ಟ ಇರೋನಿಗೆ ಕೆಟ್ಟದ್ದು ಕೊಡೋಳನ್ನ ನಾನು ಇದೇ ಮೊದ್ಲು ನೋಡಿದ್ದು ಕಣವ್ವ.

ನಾಲ್ಕನೇ ವಾರ ಸೋಮವಾರ ಬೆಳಗ್ಗೆ ಕೆರಗೋಡಿನಿಂದ ಹೇಳಿಕೆ ಬಂತು. ಮಲ್ಲಿಗಮ್ಮನ ಅಪ್ಪನಿಗೆ ವಾಂತಿಭೇದಿ. ಅಪ್ಪ ಒಂಟಿ, ಎರಡು ಕಣ್ಣಿಗೂ ಪೊರೆ. ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡಿದ್ದಾರೆ. ಅವಳು ಸೆರಗು ಬಿಗಿದು ಹೊರಟೇಬಿಟ್ಟಳು, ಕೊಟ್ಟಿಗೆಯ ಬಾಗಿಲವರೆಗೆ. ಒಳಗೆ ಹನ್ನೊಂದು ಹೆಂಗಸರು ಮಲಗಿದ್ದರು. ಒಬ್ಬಳು ಎಂಟು ತಿಂಗಳ ಬಸುರಿ. ನೋಡಿಕೊಳ್ಳಲು ಉಳಿಯುವವಳು ಮುದುಕಿ ಪಟ್ಟಲಮ್ಮ ಒಬ್ಬಳೇ. ಮಲ್ಲಿಗಮ್ಮ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು.

ಶಿವಣ್ಣ ನೀರಿನ ಹಂಡೆ ಇಳಿಸಿ, ಏನೆಂದು ಕೇಳಿದ. ಕೇಳಿ, ಹೆಗಲ ಮೇಲಿನ ಟವೆಲು ತಲೆಗೆ ಸುತ್ತಿದ.

"ನೀನಿರು. ನಾನು ಓಯ್ತೀನಿ."

ಹೆಣದ ಗುಂಡಿ ತೋಡುವ ಹುಚ್ಚೀರಯ್ಯನೂ ಸನಿಕೆ ಹೆಗಲಿಗೆ ಹಾಕಿಕೊಂಡು ಜೊತೆಗೆ ಹೋದ. ಇದ್ದಿಲು ಹಾಕಿ ಓಡಿಸುವ ಆ ಕಾಲದ ಬಸ್ಸು, ಕಾಲರಾ ಊರಿನವರೆಂದು ಅವರನ್ನು ಹತ್ತಿಸಿಕೊಳ್ಳಲಿಲ್ಲ. ಸ್ವಲ್ಪ ದೂರ ಬೆಲ್ಲದ ಗಾಡಿ, ಮಿಕ್ಕಿದ್ದು ನಡಿಗೆ. ಬುಧವಾರ ಸಂಜೆ ಶಿವಣ್ಣ ವಾಪಸು ಬಂದು ಕೈ ತೊಳೆಯುವ ಸಾಲಿನ ಕೊನೆಗೆ ನಿಂತ.

"ಓಗ್ಬುಟ್ರು," ಅಂದ. "ನಾನೇ ಮಣ್ಣು ಮಾಡ್ದೆ. ತಲೆ ತೆಂಕಲಾಗಿ."

ಅವಳು ಹುಯ್ಯುತ್ತಲೇ ಇದ್ದಳು. ಚೊಂಬು ಬರಿದಾದ ಮೇಲೂ ಬಗ್ಗಿಸಿ ಹಿಡಿದೇ ಇದ್ದಳು. ಅಪ್ಪ ಕೊನೆಗೆ ಏನಾದರೂ ಅಂದರಾ ಎಂದು ಕೇಳಬೇಕಿತ್ತು. ಸಾಯುವ ತಂದೆಯನ್ನು ಬಿಟ್ಟು ಬೇರೆಯವರ ಮಲ ಬಳಿದವಳು ಯಾವ ಮುಖ ಇಟ್ಟುಕೊಂಡು ಕೇಳುವುದು? ಅವನು ಅವಳ ಬಾಯನ್ನೇ ನೋಡುತ್ತಾ ಕಾದ, ಆಮೇಲೆ ಕೈ ಕೊಡವಿ ಹೊರಟುಹೋದ.

ಎಲ್ಲಿಗೆ ಹೋಗಿದ್ದೆ ಎಂದು ಮೇಷ್ಟ್ರು ಕೇಳಿದಾಗ ಸ್ವಂತ ಕೆಲಸ ಇತ್ತು ಅಂದನಂತೆ. ಅವಳ ಹೆಸರು ಬಾಯಿಗೆ ಬೀಳಬಾರದೆಂದು ಹಾಗಂದಿದ್ದ. ಅವಳೂ ಆ ಮಾತಿನ ಮರೆಗೇ ನಿಂತಳು. ಗಂಡಿಲ್ಲದ ಹೆಣ್ಣಿನ ತವರಿಗೆ ಯಾವನೋ ನಡೆದು ಹೋಗಿ ಅವಳ ಅಪ್ಪನಿಗೆ ಗುಂಡಿ ತೋಡಿದ ಅಂದರೆ ಊರು ಏನೆಂದೀತು? ಹೀಗೆ ಆ ಮೂರು ಸೊನ್ನೆ ಬಿದ್ದವು.

ಪದಕ ಕೊಡುವ ಹಿಂದಿನ ದಿನ ಮಧ್ಯಾಹ್ನ ಛತ್ರದ ಜಗಲಿಯಲ್ಲಿ ಬಿಲ್ಲೆ ತೋರಿಸುವ ಸಭೆ. ರೋಗ ಇಳಿದಿತ್ತು. ಹದಿನಾಲ್ಕರಲ್ಲಿ ಮೂವರು ಮಣ್ಣಾಗಿದ್ದರು. ಅವರ ಬಿಲ್ಲೆಗಳನ್ನು ಮನೆಯವರು ತಂದು ಇಟ್ಟರು. ಒಬ್ಬಳು ತಾಯಿ ಗಂಟು ಬಿಚ್ಚಲಾರದೆ ಬಟ್ಟೆ ಸಮೇತ ಇಟ್ಟಳು. ಯಾರೂ ಬಿಚ್ಚಲಿಲ್ಲ.

ಮಲ್ಲಿಗಮ್ಮ ತನ್ನ ನಾಲ್ಕನ್ನು ಸಾಲಾಗಿ ಜೋಡಿಸಿ, ಮುಂದಿನ ಹೆಸರು ಓದಿದಳು. ಶಿವಣ್ಣ ಬಂದು ದೀಪ ಇಟ್ಟ, ಕೊಡ ಇಟ್ಟ, ಹಿಂದೆ ಸರಿದ.

ಪಟ್ಟಿಯಲ್ಲಿ ಮೂರು ಬಿಲ್ಲೆ ಇದೆಯಲ್ಲ, ಆನೆ ಎಲ್ಲಿ ಎಂದು ಮೇಷ್ಟ್ರು ಕೇಳಿದರು. ಇಲ್ಲ ಅಂದ. ಕಳೆದುಹೋಯಿತೇ? ಇಲ್ಲ. ಹಾಗಾದರೆ ಯಾರಿಗಾದರೂ ಕೊಟ್ಟೆಯಾ? ಮರಿಸಿದ್ದಯ್ಯ ಅನ್ನುವವನೊಬ್ಬ, ನಾಲಿಗೆ ಉದ್ದದ ಸ್ವಯಂಸೇವಕ, ಕಂಬಕ್ಕೆ ಒರಗಿಕೊಂಡೇ ಅಂದ: "ಮೂರ್ ದಿನ ಸ್ವಂತ ಕೆಲ್ಸ ಅಂತ ಓಗಿದ್ನಲ್ಲ. ಯಾವಳ ಕೈಗೆ ಇಕ್ಕಿ ಬಂದ್ಯೋ ಯೋಳ್ಲಾ."

ಜಗಲಿಯಲ್ಲಿ ಒಂದಿಬ್ಬರು ನಕ್ಕರು. ಶಿವಣ್ಣ ಒಂದು ಸಲ, ಒಂದೇ ಸಲ, ಮಲ್ಲಿಗಮ್ಮನ ಕಡೆ ನೋಡಿದ. ಕೇಳುವ ನೋಟವಲ್ಲ. ನೀನು ಸುಮ್ಮನಿರು ಎನ್ನುವ ನೋಟ. ಆನೆ ಏನಾಯಿತೆಂದು ಅವಳಿಗೂ ಗೊತ್ತಿರಲಿಲ್ಲ.

ಆಗ ಅಂಗಳದ ಬಿಸಿಲಲ್ಲಿ, ಜಗಲಿ ಹತ್ತದೆ ಕೆಳಗೇ ಕೂತಿದ್ದ ಹುಚ್ಚೀರಯ್ಯ ಗಂಟಲು ಸರಿಮಾಡಿಕೊಂಡ. ಅವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ದಿನಕ್ಕೆ ಎರಡು ಸೇರು ರಾಗಿ ಕೊಡುವುದರಿಂದ ಅವನು ಸ್ವಯಂಸೇವಕ ಅಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು.

"ಸೊಂಡ್ಲಿಲ್ಲದ ಆನೆ ತಾನೆ ಬುದ್ಧಿ? ಅದು ಕೆರಗೋಡಲ್ಲಿ ಮಣ್ಣೊಳಗೈತೆ."

ಅವನು ಹೇಳಿದ್ದನ್ನು ಮಲ್ಲಿಗಮ್ಮ ಆಮೇಲೆ ಬದುಕೆಲ್ಲ ತಿರುತಿರುಗಿ ಕೇಳಿಕೊಂಡಳು. ಮುದುಕರಿಗೆ ಕಣ್ಣಿಲ್ಲ, ಪ್ರಜ್ಞೆ ಹೋಗಿ ಬಂದು ಮಾಡುತ್ತಿತ್ತು. ಮಗಳು ಬಂದಳಾ ಎಂದು ಒಂದೇ ಸಮನೆ ಕೇಳುತ್ತಿದ್ದರು. ಶಿವಣ್ಣ ತನ್ನ ಸೊಂಟದ ಗಂಟಿನಿಂದ ಬಿಲ್ಲೆ ತೆಗೆದು ಅವರ ಅಂಗೈಯಲ್ಲಿಟ್ಟು, ಮಗಳು ಕಳಿಸಿದ್ದಾಳೆ, ಹನ್ನೊಂದು ಜೀವ ಉಳಿಸ್ತಾ ಇದ್ದಾಳೆ, ಅದಕ್ಕೆ ಸರ್ಕಾರ ಕೊಟ್ಟದ್ದು ಇದು ಅಂದ. ಮುದುಕರು ಹೆಬ್ಬೆರಳಲ್ಲಿ ಸವರಿ ಸವರಿ ನೋಡಿದರು. ಹಂದಿ ಏನ್ಲಾ ಇದು ಅಂದರು. ಆನೆ ಕಣಪ್ಪ ಅಂದ ಇವನು. ಸೊಂಡಿಲೆಲ್ಲಿ ಅಂದರು. ಮಗಳು ಮುದ್ದಾಡಿ ಮುದ್ದಾಡಿ ಸವೆದೋಯ್ತು ಅಂದ.

"ಆವಯ್ಯ ನಗ್ತಾ ನಗ್ತಾ ಮುಷ್ಟಿ ಬಿಗಿ ಮಾಡ್ಕತು ಬುದ್ಧಿ," ಅಂದ ಹುಚ್ಚೀರಯ್ಯ. "ಪ್ರಾಣ ಓದ್ ಮ್ಯಾಲೆ ಬಿಡಿಸೋಣ ಅಂದೆ. ಬ್ಯಾಡ ಬುಡು ಅಂದ್ರು ಇವ್ರು. ಅಂಗೇ ಮುಚ್ಚುದ್ವಿ."

ಕೆರಗೋಡಿನ ಮುದುಕ ಯಾರಪ್ಪ ಎಂದು ಎಲ್ಲರಿಗೂ ತಿಳಿಯಿತು. ಎಲ್ಲರೂ ಮಲ್ಲಿಗಮ್ಮನನ್ನು ನೋಡಿದರು. ಅವಳು ಇಷ್ಟು ದಿನ ಯಾವುದಕ್ಕೆ ಹೆದರಿದ್ದಳೋ ಅದು ಬಂದು ಮುಂದೆ ಕೂತಿತ್ತು. ನೋಡಿದರೆ ಅದು ಬರೀ ಹತ್ತು ಹದಿನೈದು ಜೊತೆ ಕಣ್ಣು.

ಅವಳು ಪೆನ್ಸಿಲು ತೆಗೆದುಕೊಂಡು ಮೂರು ಸೊನ್ನೆಗಳ ಮೇಲೂ ಗೆರೆ ಎಳೆದಳು.

"ಈ ಸೊನ್ನೆ ನಾನು ಗೊತ್ತಿದ್ದೇ ಹಾಕಿದ್ದು, ಮೇಷ್ಟ್ರೆ. ಆ ಮೂರು ದಿನ ಅವ್ರು ಮಾಡಿದ್ದು ನನ್ನ ಕೆಲಸ. ನಾನು ಮಾಡ್ಬೇಕಾಗಿದ್ದು."

ಅವಳು "ಅವ್ರು" ಅಂದಿದ್ದಳು. ಇಲ್ಲಿಯವರೆಗೆ ಅವನು, ನೀನು. ಕಂಬಕ್ಕೆ ಒರಗಿದ್ದ ಮರಿಸಿದ್ದಯ್ಯ ನೆಟ್ಟಗೆ ನಿಂತ.

ಆಮೇಲೆ ಅವಳು ತನ್ನ ಸಾಲಿನಿಂದ ಆನೆಯನ್ನು ಬೆರಳಲ್ಲಿ ತಳ್ಳಿ ಶಿವಣ್ಣನ ದೀಪ, ಕೊಡಗಳ ಪಕ್ಕಕ್ಕೆ ಸೇರಿಸಿದಳು. ಸೊಂಡಿಲೆತ್ತಿದ, ಅಚ್ಚು ಚೆನ್ನಾಗಿ ಬಿದ್ದ ಆನೆ.

"ನಮ್ಮಪ್ಪನ ಕೈಲಿರೋದು ನಂದು. ಇದು ಅವ್ರದ್ದು. ಹಂಗೇ ಬರ್ಕೊಳ್ಳಿ."

ಹಾಗೆ ಬರೆದುಕೊಂಡರೆ ನಿನ್ನ ಹತ್ತಿರ ಮೂರೇ ಉಳಿಯುತ್ತೆ, ಪದಕ ಸಿಗಲ್ಲ ತಾಯಿ ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಅವಳು ಆಗಲಿ ಎಂದು ತಲೆಯಾಡಿಸಿದಳು. ಅಪ್ಪನಿಗೆ ಅವನು ಹೇಳಿದ ಸುಳ್ಳೊಂದಿತ್ತಲ್ಲ, ಅದನ್ನು ನಿಜ ಮಾಡಲು ಅವಳ ಕೈಲಿದ್ದದ್ದು ಅಷ್ಟೇ.

ಇನ್ನುಳಿದದ್ದು ಒಂದೇ ತಾವರೆ. ಹಿತ್ತಾಳೆ ಸಿಗದೆ ಮದ್ದೂರಿನವನು ಲೆಕ್ಕಕ್ಕಿಂತ ಒಂದನ್ನಷ್ಟೇ ಹೆಚ್ಚು ಬಡಿದಿದ್ದ. ಸೊನ್ನೆ ಹೊಡೆದುಹಾಕಿದ ಮೇಲೆ ಅದು ಶಿವಣ್ಣನದು, ಅವನಿಗೆ ನಾಲ್ಕೂ ಕೂಡಿದವು ಎಂದು ಮೇಷ್ಟ್ರು ಎತ್ತಿ ಹಿಡಿದರು. ಶಿವಣ್ಣ ಕೈ ಚಾಚಲಿಲ್ಲ. ಆ ಮೂರು ದಿನ ಹುಚ್ಚೀರಯ್ಯನೂ ಇದ್ದ, ಗುಂಡಿ ತೋಡಿದ್ದು ಅವನು, ಆ ಮೂರು ದಿನದ ರಾಗಿಯನ್ನು ನೀವು ಹಿಡಿದುಕೊಂಡಿರಿ, ಕೂಲಿ ಇಲ್ಲದೆ ದುಡಿದವನು ಸ್ವಯಂಸೇವಕ ಅಲ್ಲದೆ ಇನ್ನೇನು ಎಂದು ನಿಧಾನವಾಗಿ ಕೇಳಿದ. ಮೇಷ್ಟ್ರು ಜಗಲಿಯ ಮೆಟ್ಟಿಲು ಇಳಿದು ಹೋಗಿ, ತಾವರೆಯನ್ನು ಹುಚ್ಚೀರಯ್ಯನ ಕೈಯಲ್ಲಿ ಅವರೇ ಇಟ್ಟರು.

ಹುಚ್ಚೀರಯ್ಯ ಅದನ್ನು ಬಿಸಿಲಿಗೆ ಹಿಡಿದು ನೋಡಿದ. "ಇದೊಂದೇ ಇದ್ರೆ ಬೆಳ್ಳಿದು ಕೊಡಾಕಿಲ್ಲ ಅಲ್ವಾ ಬುದ್ಧಿ?" ಅಂದ. ಇಲ್ಲ ಅಂದರು. "ಹಂಗಾದ್ರೆ ಆ ರಾಗಿ?" ಅಂದ. ಮೇಷ್ಟ್ರು ತಲೆ ತಗ್ಗಿಸಿ, ಕೊಡಿಸುತ್ತೇನೆ ಅಂದರು. ಅವನು ಬಿಲ್ಲೆಯನ್ನು ಉಡುದಾರಕ್ಕೆ ಕಟ್ಟಿಕೊಂಡು ಸನಿಕೆ ಎತ್ತಿಕೊಂಡು ಹೋದ.

ಸಂಜೆ ಕೈ ತೊಳೆಯುವ ಸಾಲಿರಲಿಲ್ಲ. ಅವತ್ತು ಹೆಣವೂ ಇರಲಿಲ್ಲ. ಆದರೂ ಶಿವಣ್ಣ ಬಂದು ಹಂಡೆಯ ಹತ್ತಿರ ನಿಂತ. ಮಲ್ಲಿಗಮ್ಮ ಚೊಂಬು ತಂದಳು. ನೇರಳೆ ನೀರಲ್ಲ, ಬರಿಯ ನೀರು. ಅವನು ಬೊಗಸೆ ಒಡ್ಡಿದ.

"ಅಪ್ಪ ನಿಜವಾಗ್ಲೂ ನಕ್ರಾ?" ಅಂದಳು.

"ಊಂ. ಬಾಯಲ್ಲಿ ಅಲ್ಲು ಒಂದೂ ಇರ್ಲಿಲ್ಲ."

ಅವಳು ಹುಯ್ಯುತ್ತಾ ಹುಯ್ಯುತ್ತಾ ಅತ್ತಳು, ಈ ನಾಲ್ಕು ವಾರದಲ್ಲಿ ಮೊದಲ ಸಲ. ಅವನು ಒದ್ದೆ ಕೈಯಲ್ಲಿ ಚೊಂಬಿನ ತಳ ಹಿಡಿದುಕೊಂಡ. ಮುಟ್ಟಬಾರದ ಚೊಂಬು. ಇಬ್ಬರ ಕೈ ನಡುವೆ ಅದು ಸ್ವಲ್ಪ ಹೊತ್ತು ಹಾಗೇ ಇತ್ತು.

ಪಟ್ಟಲಮ್ಮ ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಸೀರುಡಿಕೆ ಅವರ ಕುಲದಲ್ಲಿ ಇತ್ತು. ಆದರೆ ಅದನ್ನು ಅತ್ತೆಯಾದವಳು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ. ಮಗನ ನೆನಪಾಗಿ ಮುದುಕಿ ಅದೇ ಎಲೆಗೆ ಇನ್ನೊಂದು ಸಲ ಸುಣ್ಣ ಸವರಿದಳು.

"ಲೇ ಶಿವಣ್ಣ," ಅಂದಳು ಕೊನೆಗೆ. "ಸೂತಕ ಕಳೀಲಿ. ಬರುವಾಗ ಸೀರೆ ತತ್ತಾ. ಅಂಚು ನೋಡಿ ತಗ, ಅವಳು ಕೊಟ್ಟಂಗೆ ಸೊಂಡ್ಲಿಲ್ಲದ್ದು ತಂದೀಯ."

ಅವನು ಚೊಂಬು ಬಿಡದೆ, ಆಗಲಿ ಕಣವ್ವ ಅಂದ.